ಬಿಚ್ಚಿಟ್ಟ ಶೂ ಆಕಾರ ಕೆಡದಿರಲು: ಶೂ ಟ್ರೀ ಆರಿಸುವ ಮತ್ತು ಬಳಸುವ ಬಗೆ

ಚರ್ಮದ ಶೂ ಕೆಡುವುದು ನಡೆಯುವಾಗ ಮಾತ್ರ ಎಂದು ಹೆಚ್ಚಿನವರು ಭಾವಿಸಿರುತ್ತಾರೆ. ಅಟ್ಟೆ ಸವೆಯುವುದೂ ಹಿಮ್ಮಡಿ ಒಂದು ಬದಿಗೆ ತೇಯುವುದೂ ನಡಿಗೆಯಿಂದಲೇ ಆಗುವಂಥವು, ನಿಜ. ಆದರೆ ಬೆರಳುಗಳ ಬುಡದ ಬಳಿ ಸುಕ್ಕು ಆಳವಾಗಿ ಕೂರುವುದು, ಮುಂತುದಿ ಮೇಲಕ್ಕೆ ಬಾಗುವುದು, ಪಕ್ಕಗಳು ಒಳಕ್ಕೆ ಕುಸಿಯುವುದು ಇವೆಲ್ಲ ಬಹುಪಾಲು ಶೂ ಬಿಚ್ಚಿಟ್ಟ ನಂತರದ ಕೆಲವು ಗಂಟೆಗಳಲ್ಲಿ ನಡೆದುಹೋಗುತ್ತವೆ. ಆ ಗಂಟೆಗಳಲ್ಲಿ ಶೂವಿನೊಳಗೆ ಪಾದದ ಬದಲಿಗೆ ನಿಂತು ಅದರ ರೂಪವನ್ನು ಕಾಯುವ ಸಾಧನಕ್ಕೆ ಶೂ ಟ್ರೀ ಎನ್ನುತ್ತಾರೆ. ನೋಡುವುದಕ್ಕೆ ಸರಳವಾದ ವಸ್ತು. ಆದರೂ ಅದನ್ನು ಆರಿಸುವುದರಲ್ಲಿ ಮತ್ತು ಬಳಸುವುದರಲ್ಲಿ ತಿಳಿದುಕೊಳ್ಳಬೇಕಾದ ಸಂಗತಿಗಳು ಕೆಲವಿವೆ.

ಮನುಷ್ಯನ ಎರಡೂ ಪಾದಗಳಲ್ಲಿ ಸೇರಿ ಸುಮಾರು 2,50,000 ಬೆವರಿನ ಗ್ರಂಥಿಗಳಿವೆ. ಇಡೀ ದಿನ ಮುಚ್ಚಿದ ಶೂವಿನೊಳಗೆ ಪಾದವಿದ್ದಾಗ ಬರುವ ಬೆವರಿನ ಒಂದಂಶವನ್ನು ಕಾಲುಚೀಲ ಹೀರಿದರೆ, ಉಳಿದದ್ದನ್ನು ಶೂವಿನ ಅಸ್ತರಿಯೂ ಒಳ ಅಟ್ಟೆಯೂ ಹೀರುತ್ತವೆ. ಬೆಚ್ಚಗೂ ತೇವವಾಗಿಯೂ ಇರುವ ಚರ್ಮ ಮೆದುವಾಗಿ, ಹೇಳಿದಂತೆ ಕೇಳುವ ಸ್ಥಿತಿಯಲ್ಲಿರುತ್ತದೆ. ಒಣಗುತ್ತ ಹೋದಂತೆ ಆ ಹೊತ್ತಿಗೆ ಯಾವ ಆಕಾರದಲ್ಲಿ ಬಿದ್ದಿರುತ್ತದೋ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಒಳಗೆ ಆಧಾರವಿಲ್ಲದ ಶೂ ದಿನವಿಡೀ ಮಡಿಚಿದ ಜಾಗದಲ್ಲೇ ಮತ್ತೆ ಮಡಿಚಿಕೊಂಡು ಒಣಗುತ್ತದೆ, ಮರುದಿನ ಅದೇ ಗೆರೆಯ ಮೇಲೆ ಇನ್ನಷ್ಟು ಮಡಿಯುತ್ತದೆ, ಹೀಗೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಸುಕ್ಕಿದ್ದ ಜಾಗದಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಚರ್ಮದ ಅಟ್ಟೆಯಿರುವ ಶೂಗಳಲ್ಲಿ ಅಟ್ಟೆಯೂ ಒಣಗುವಾಗ ಸೆಟೆದುಕೊಂಡು ಮುಂತುದಿಯನ್ನು ಮೇಲಕ್ಕೆ ಎಳೆಯುತ್ತದೆ. ಶೂ ಟ್ರೀ ಹಳೆಯ ಬಿರುಕನ್ನು ಮುಚ್ಚಲಾರದು, ವರ್ಷಗಳ ಸುಕ್ಕನ್ನು ಅಳಿಸಲಾರದು. ಇಂದಿನ ಸುಕ್ಕು ನಾಳೆಗೆ ಉಳಿಯದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಆದ್ದರಿಂದ ಹೊಸ ಶೂ ಮನೆಗೆ ಬಂದ ಮೊದಲ ದಿನದಿಂದಲೇ ಬಳಸಿದರೆ ಅದರ ಪ್ರಯೋಜನ ಹೆಚ್ಚು.

ಕೊಳ್ಳುವಾಗ ಎಲ್ಲರೂ ಮೊದಲು ಕೇಳುವುದು ಮರ ಯಾವುದು ಎಂದು. ಅದಕ್ಕೂ ಮೊದಲು ನೋಡಬೇಕಾದದ್ದು ಅಳತೆ. ಶೂ ಟ್ರೀಯಲ್ಲಿ ಮುಖ್ಯವಾಗಿ ಮೂರು ಭಾಗಗಳಿರುತ್ತವೆ: ಬೆರಳುಗಳ ಜಾಗವನ್ನು ತುಂಬುವ ಮುಂದಿನ ತುಂಡು, ಹಿಮ್ಮಡಿಯನ್ನು ತುಂಬುವ ಹಿಂದಿನ ತುಂಡು, ಇವೆರಡನ್ನೂ ಜೋಡಿಸುವ ಸ್ಪ್ರಿಂಗ್ ಇರುವ ಕೊಳವೆ. ಒಳ್ಳೆಯ ಸಾಧನದಲ್ಲಿ ಹಿಂದಿನ ತುಂಡು ನಿಜವಾದ ಹಿಮ್ಮಡಿಯಷ್ಟೇ ಅಗಲವಾಗಿ, ದುಂಡಗೆ ಇದ್ದು, ಶೂವಿನ ಹಿಂಭಾಗದ ತುಂಬ ಒರಗಿ ಕೂರುತ್ತದೆ. ಅಗ್ಗದ ಕೆಲವು ಸಾಧನಗಳಲ್ಲಿ ಮುಂದೆ ಒಂದು ಪ್ಲಾಸ್ಟಿಕ್ ತುಂಡು, ನಡುವೆ ಬಾಗುವ ತೆಳು ಲೋಹದ ಸುರುಳಿ ಅಥವಾ ಪಟ್ಟಿ, ಹಿಂದೆ ನಿಂಬೆಹಣ್ಣಿಗಿಂತ ಚಿಕ್ಕದಾದ ಒಂದು ಗುಂಡು ಮಾತ್ರ ಇರುತ್ತದೆ. ಬಾಗಿದ ಲೋಹದ ಅಷ್ಟೂ ಒತ್ತಡ ಆ ಗುಂಡಿನ ಮೂಲಕ ಹಿಮ್ಮಡಿಯ ಹಿಂಭಾಗದ ಒಂದೇ ಬಿಂದುವಿನ ಮೇಲೆ ಬೀಳುವುದರಿಂದ, ದಿನ ಕಳೆದಂತೆ ಅಲ್ಲಿ ಹೊರಕ್ಕೆ ಉಬ್ಬು ಬಂದು ಶೂ ಹಿಮ್ಮಡಿಯಲ್ಲಿ ಸಡಿಲವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥದ್ದನ್ನು ಬಳಸುವುದಕ್ಕಿಂತ ಏನನ್ನೂ ಬಳಸದಿರುವುದೇ ಲೇಸು.

ಮುಂದಿನ ತುಂಡು ಇಡಿಯಾಗಿರಬಹುದು, ಇಲ್ಲವೇ ಉದ್ದಕ್ಕೆ ಸೀಳಿಕೊಂಡು ಎರಡು ಹೋಳಾಗಿರಬಹುದು. ಸೀಳಿರುವ ಬಗೆಯಲ್ಲಿ ಒಳಗಿನ ಸ್ಪ್ರಿಂಗ್ ಎರಡು ಹೋಳುಗಳನ್ನೂ ಪಕ್ಕಕ್ಕೆ ತಳ್ಳುತ್ತದೆ. ಮುಂಭಾಗದ ಅಗಲ ಶೂವಿನಿಂದ ಶೂವಿಗೆ ಬೇರೆಯಾಗುವುದರಿಂದ ಸಾಮಾನ್ಯ ಬಳಕೆಗೆ ಇದು ಅನುಕೂಲ. ಇಡಿಯಾದ ತುಂಡು ಚೆನ್ನಾಗಿ ಹೊಂದಿಕೊಂಡರೆ ಸುಕ್ಕನ್ನು ಹೆಚ್ಚು ಸಮನಾಗಿ ತೆಗೆಯುತ್ತದೆ, ಹೊಂದದಿದ್ದರೆ ಮಾತ್ರ ಅದನ್ನು ಸರಿಪಡಿಸುವ ದಾರಿಯಿಲ್ಲ. ಶೂ ಹೊಲಿಯುವಾಗ ಯಾವ ಅಚ್ಚಿನ ಮೇಲೆ ಚರ್ಮವನ್ನು ಎಳೆದು ಕೂರಿಸಿರುತ್ತಾರೋ ಅದೇ ಅಚ್ಚಿನ ಆಕಾರದಲ್ಲಿ ಕೆತ್ತಿದ ಶೂ ಟ್ರೀ ಎಲ್ಲಕ್ಕಿಂತ ಉತ್ತಮ. ಅಳತೆ ಕೊಟ್ಟು ಶೂ ಮಾಡಿಸಿಕೊಳ್ಳುವವರಿಗೆ ಅದು ಶೂವಿನ ಜೊತೆಗೇ ದೊರೆಯುವುದುಂಟು. ಉಳಿದವರು ಕೈಯಿಂದ ಪರೀಕ್ಷಿಸಿಯೇ ಆರಿಸಿಕೊಳ್ಳಬೇಕು. ಅಂಗಡಿಗೆ ಹೋಗುವಾಗ ಶೂವನ್ನೇ ಜೊತೆಗೆ ಕೊಂಡೊಯ್ಯುವುದು ಒಳ್ಳೆಯದು, ಏಕೆಂದರೆ ಹಲವು ಶೂ ಟ್ರೀಗಳು ಪ್ರತಿ ಅಳತೆಗೂ ಒಂದರಂತೆ ಬರದೆ ಎರಡು ಅಳತೆಗಳಿಗೆ ಸೇರಿ ಒಂದೇ ಬರುತ್ತವೆ.

ಪರೀಕ್ಷಿಸುವ ಬಗೆ ಹೀಗೆ. ಲೇಸನ್ನು ಪೂರ್ತಿ ಸಡಿಲಿಸಿ, ನಾಲಗೆಯನ್ನು ಮೇಲಕ್ಕೆ ಎತ್ತಿ ಹಿಡಿದು, ಮುಂದಿನ ತುಂಡನ್ನು ಓರೆಯಾಗಿ ಒಳಗೆ ಬಿಟ್ಟು ತುದಿಯವರೆಗೆ ಜಾರಿಸಿ. ಬಳಿಕ ಹಿಂದಿನ ತುಂಡನ್ನು ಅಂಗೈಯಿಂದ ಮುಂದಕ್ಕೆ ಒತ್ತಿ ಸ್ಪ್ರಿಂಗ್ ಕುಗ್ಗಿದ ಕೂಡಲೇ ಕೆಳಕ್ಕೆ ಇಳಿಸಿ. ಅದು ಹಿಮ್ಮಡಿಯ ಒಳಗೋಡೆಯನ್ನು ಉಜ್ಜದೆ ಇಳಿಯಬೇಕು. ಬೇಕೆಂದರೆ ನಡುವೆ ಒಂದು ಶೂ ಹಾರ್ನ್ (ಶೂ ಹಾಕುವಾಗ ಹಿಮ್ಮಡಿಯನ್ನು ಜಾರಿಸುವ ಬಾಗಿದ ಪಟ್ಟಿ) ಇಟ್ಟುಕೊಂಡು, ಕೂತ ಮೇಲೆ ಅದನ್ನು ಎಳೆದುಕೊಳ್ಳಬಹುದು. ಈಗ ಶೂವನ್ನು ಬೆಳಕಿಗೆ ಹಿಡಿದು ಬೆರಳುಗಳ ಬುಡದ ಸುಕ್ಕನ್ನು ನೋಡಿ. ಗೆರೆಗಳು ತೆಳುವಾಗಿ ಹರಡಿಕೊಂಡು, ಚರ್ಮ ಸಡಿಲವೂ ಇಲ್ಲದೆ ಬಿಗಿದೂ ಇಲ್ಲದೆ ಮಲಗಿದ್ದರೆ ಅಳತೆ ಸರಿಯಾಗಿದೆ. ಪಕ್ಕದ ಹೊಲಿಗೆಯ ತೂತುಗಳು ಬಾಯಿ ಬಿಟ್ಟಂತೆ ಕಂಡರೆ, ಲೇಸಿನ ಎರಡು ಅಂಚುಗಳು ಧರಿಸಿದಾಗ ಇರುವುದಕ್ಕಿಂತ ಬಹಳ ದೂರ ಸರಿದರೆ, ಅದು ದೊಡ್ಡದಾಯಿತು. ಶೂವನ್ನು ಅಲುಗಿಸಿದಾಗ ಒಳಗೆ ಟಕಟಕ ಸದ್ದಾದರೆ ಚಿಕ್ಕದಾಯಿತು. ಬಿಗಿಯಾದ ಶೂವನ್ನು ಹಿಗ್ಗಿಸಲು ತಿರುಪು ಇರುವ ಬೇರೆಯದೇ ಸಾಧನವಿದೆ; ಆ ಕೆಲಸವನ್ನು ಶೂ ಟ್ರೀಯಿಂದ ಮಾಡಿಸಲು ಹೋಗಬಾರದು.

ಇನ್ನು ಮರದ ವಿಚಾರ. ಸುವಾಸನೆಯ ಕೆಂಪು ಸೀಡರ್ ಮರಕ್ಕೆ ಎಲ್ಲೆಡೆ ಹೆಸರಿದೆ. ಆ ಹೆಸರಿನಲ್ಲಿ ಹೆಚ್ಚಾಗಿ ಮಾರಾಟವಾಗುವುದು ಉತ್ತರ ಅಮೆರಿಕದ ಜೂನಿಪರ್ ಜಾತಿಯ ಮರ. ಅದಕ್ಕೆ ತೇವವನ್ನು ಹೀರುವ ಗುಣವೂ ಹಿತವಾದ ವಾಸನೆಯೂ ಇವೆ, ತೂಕವೂ ಕಡಿಮೆ. ಬೀಚ್ ಮರ ಹೆಚ್ಚು ಗಟ್ಟಿ, ನುಣುಪು, ಬಾಳಿಕೆ ಹೆಚ್ಚು, ವಾಸನೆ ಇಲ್ಲ. ಇವುಗಳಲ್ಲಿ ಯಾವುದನ್ನು ಕೊಂಡರೂ ವಾರ್ನಿಷ್ ಬಳಿಯದ ಬರಿ ಮರವೇ ಇರಲಿ ಎಂಬುದು ನನ್ನ ಸಲಹೆ, ಏಕೆಂದರೆ ಮಿರಮಿರ ಹೊಳೆಯುವ ಮರ ರೂಪವನ್ನು ಕಾಯುತ್ತದೆಯೇ ಹೊರತು ತೇವವನ್ನು ಹೀರುವುದಿಲ್ಲ. ಪ್ಲಾಸ್ಟಿಕ್ಕಿನದೂ ಹಾಗೆಯೇ. ಹಾಗೆಂದು ಪ್ಲಾಸ್ಟಿಕ್ ನಿಷಿದ್ಧವಲ್ಲ. ಹಿಮ್ಮಡಿಯ ಭಾಗ ಅಗಲವಾಗಿದ್ದು ಅಳತೆ ಹೊಂದಿಕೊಂಡರೆ, ಹೊಂದದ ಸೀಡರ್‌ಗಿಂತ ಅದೇ ಮೇಲು. ಸೀಡರ್ ಇಟ್ಟರೆ ದುರ್ವಾಸನೆ ಪೂರ್ತಿ ಹೋಗುತ್ತದೆ ಎಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ವಾಸನೆಗೆ ಮೂಲ ಬೆವರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು. ಅವುಗಳಿಗೆ ಮದ್ದು ಒಣಗಿಸುವುದು ಮತ್ತು ದಿನವೂ ಕಾಲುಚೀಲ ಬದಲಿಸುವುದು.

ಶೂ ಟ್ರೀಯನ್ನು ಯಾವಾಗ ಹಾಕಬೇಕು ಎಂಬ ಬಗ್ಗೆ ಎರಡು ಅಭಿಪ್ರಾಯಗಳಿವೆ. ಶೂ ಆರಿದ ಮೇಲೆ ಹಾಕಬೇಕು ಎನ್ನುವವರಿದ್ದಾರೆ. ಮೊದಲು ಗಾಳಿಯಾಡಲಿ ಎಂಬುದು ಅವರ ವಾದ. ನಾನು ಬಿಚ್ಚಿದ ಕೂಡಲೇ ಹಾಕುವ ಪಕ್ಷದವಳು. ಚರ್ಮ ಬೆಚ್ಚಗಿರುವಾಗಲೇ ಸುಕ್ಕು ಸುಲಭವಾಗಿ ಬಿಡುತ್ತದೆ, ಆರಿದ ಮೇಲೆ ಹಾಕಿದರೆ ಅದು ಆಗಲೇ ಕೂತುಬಿಟ್ಟಿರುತ್ತದೆ. ದಿನನಿತ್ಯದ ಬೆವರನ್ನು ವಾರ್ನಿಷ್ ಇಲ್ಲದ ಮರ ತಾನೇ ನಿಭಾಯಿಸುತ್ತದೆ. ಹಾಕುವ ಮುನ್ನ ಹೊರಗಿನ ಧೂಳನ್ನು ಬ್ರಷ್‌ನಿಂದ ಒರೆಸಿದರೆ ಸಾಕು. ಹೀಗೆ ಹಾಕಿಟ್ಟ ಶೂವಿಗೆ ಕನಿಷ್ಠ ಒಂದು ಪೂರ್ತಿ ದಿನದ ಬಿಡುವು ಬೇಕು. ಒಂದೇ ಜೊತೆಯನ್ನು ದಿನವೂ ಧರಿಸುವವರ ಶೂ ಎಷ್ಟೇ ಒಳ್ಳೆಯ ಮರ ತುರುಕಿದರೂ ಬೇಗ ಸೋಲುತ್ತದೆ. ಎರಡು ಜೊತೆ ಶೂಗಳನ್ನು ದಿನ ಬಿಟ್ಟು ದಿನ ಧರಿಸುವ ಮನೆಯಲ್ಲಿ ಅಳತೆ ಹೊಂದುವುದಾದರೆ ಒಂದೇ ಜೊತೆ ಶೂ ಟ್ರೀ ಎರಡಕ್ಕೂ ಸಾಲುತ್ತದೆ. ನಿನ್ನೆಯ ಶೂ ಒಣಗಿ ಗಟ್ಟಿಯಾಗಿರುವುದರಿಂದ ಇಂದು ಬಿಚ್ಚಿದ ಶೂವಿಗೆ ಅದನ್ನು ತೆಗೆದು ಹಾಕಬಹುದು. ಪ್ರತಿಯೊಂದು ಶೂವಿಗೂ ಪ್ರತ್ಯೇಕವಾಗಿ ಕೊಳ್ಳಲೇಬೇಕು ಎಂದು ಮಾರುವವರು ಹೇಳುತ್ತಾರೆ, ಅವರು ಹೇಳಲೇಬೇಕಲ್ಲ.

ಮಳೆಯಲ್ಲಿ ಪೂರ್ತಿ ನೆನೆದ ಶೂವಿಗೆ ಮಾತ್ರ ಈ ಕ್ರಮ ಸಲ್ಲದು. ನೀರು ಕುಡಿದ ಚರ್ಮ ಸ್ಪ್ರಿಂಗ್‌ನ ಒತ್ತಡಕ್ಕೆ ಬೇಡದ ಕಡೆಗೆ ಹಿಗ್ಗುತ್ತದೆ, ಒಳಗೆ ಗಾಳಿಯಾಡದೆ ಅಸ್ತರಿ ಒಣಗುವುದೂ ತಡವಾಗುತ್ತದೆ. ಅಂಥ ಶೂವಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಕಾಗದದ ಉಂಡೆಗಳನ್ನು ಸಡಿಲವಾಗಿ ತುಂಬಿ, ಅಟ್ಟೆಗೂ ಗಾಳಿ ತಗಲುವಂತೆ ಪಕ್ಕಕ್ಕೆ ಮಲಗಿಸಿಡಬೇಕು. ಗಂಟೆ ಎರಡು ಗಂಟೆಗೊಮ್ಮೆ ಕಾಗದ ಬದಲಿಸಬೇಕು. ತಿಳಿ ಬಣ್ಣದ ಅಸ್ತರಿಯಿದ್ದರೆ ಅಚ್ಚಾದ ಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಬರೆಯದ ಕಾಗದವೋ ಹಳೆಯ ಹತ್ತಿ ಬಟ್ಟೆಯೋ ಇರಲಿ. ಕೈಗೆ ತಣ್ಣಗೆ ತಗಲಿದರೂ ಒದ್ದೆಯಾಗದಷ್ಟು ಒಣಗಿದ ಮೇಲೆ ಶೂ ಟ್ರೀ ಹಾಕಿ, ಉಳಿದ ಒಣಗುವಿಕೆ ಅದರ ಮೇಲೆಯೇ ಆಗಲಿ. ಬೇಗ ಒಣಗಲೆಂದು ಒಲೆಯ ಬಳಿ, ಹೀಟರ್ ಮುಂದೆ, ಸುಡುಬಿಸಿಲಿನಲ್ಲಿ ಇಡುವುದಂತೂ ಕೂಡದು. ಚರ್ಮದ ನಾರುಗಳು ಕೊಲ್ಯಾಜೆನ್ ಎಂಬ ಪ್ರೋಟೀನಿನಿಂದ ಆದವು. ಸಸ್ಯಮೂಲದ ದ್ರವ್ಯಗಳಿಂದ ಹದ ಮಾಡಿದ ಚರ್ಮ ಒದ್ದೆಯಾಗಿರುವಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಸಂಕುಚಿತಗೊಳ್ಳುತ್ತದೆ, ಹಾಗೆ ಕುಗ್ಗಿದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಅಷ್ಟು ಶಾಖ ತಗಲದಿದ್ದರೂ ಅವಸರದಲ್ಲಿ ಒಣಗಿದ ಚರ್ಮ ಬಿರುಸಾಗುತ್ತದೆ, ಅಂಟಿಸಿದ ಅಟ್ಟೆಯಾದರೆ ಅಂಟೂ ಸಡಿಲವಾಗುತ್ತದೆ.

ಪಾಲಿಶ್ ಮಾಡುವಾಗ ಶೂ ಟ್ರೀ ಒಳಗಿದ್ದರೆ ಕೆಲಸ ಅರ್ಧಕ್ಕರ್ಧ ಹಗುರ. ಒಂದು ಕೈಯನ್ನು ಒಳಗೆ ತುರುಕಿ ಒತ್ತು ಕೊಡಬೇಕಾದ ಕಷ್ಟವಿಲ್ಲ, ಬಟ್ಟೆ ಎಲ್ಲೆಡೆ ಒಂದೇ ಸಮ ತಾಗುತ್ತದೆ, ಸುಕ್ಕಿನ ಗೆರೆಗಳು ತೆರೆದುಕೊಂಡಿರುವುದರಿಂದ ಅವುಗಳ ಆಳಕ್ಕೂ ಕ್ರೀಮ್ ಇಳಿಯುತ್ತದೆ. ಚರ್ಮ ಮೊದಲು ಬಿರಿಯುವುದು ಆ ಗೆರೆಗಳಲ್ಲೇ ಆದ್ದರಿಂದ ಇದನ್ನು ಸಣ್ಣ ಲಾಭವೆಂದು ನಾನು ಎಣಿಸುವುದಿಲ್ಲ.

ಎಲ್ಲ ಪಾದರಕ್ಷೆಗೂ ಈ ಸಾಧನ ಬೇಕಿಲ್ಲ. ಚಪ್ಪಲಿಗೆ, ಬೆರಳು ತೆರೆದಿರುವ ಸ್ಯಾಂಡಲ್‌ಗೆ ಅರ್ಥವೇ ಇಲ್ಲ. ಬಟ್ಟೆ ಮತ್ತು ಜಾಲರಿಯ ಓಟದ ಶೂಗಳು ತಾವಾಗಿಯೇ ಚೇತರಿಸಿಕೊಳ್ಳುತ್ತವೆ, ಅವಕ್ಕೆ ಗಾಳಿ ಮುಖ್ಯ. ಕೃತಕ ಚರ್ಮದ ಶೂವಿನಲ್ಲಿ ಮೇಲಿನ ಲೇಪನ ಒಮ್ಮೆ ಬಿರಿದರೆ ಯಾವ ಉಪಾಯವೂ ನಡೆಯದು. ಅಲ್ಲಿ ಬೆಲೆಬಾಳುವ ಸೀಡರ್ ಹಾಕುವುದು ವ್ಯರ್ಥ, ಕಾಗದದ ಉಂಡೆ ಸಾಕು. ಕಾಗದವನ್ನು ತುಂಬುವಾಗ ಮುಂತುದಿಗೆ ಮಾತ್ರ ಗಿಡಿದು ಬಿಡದೆ, ಪಾದದ ಉಬ್ಬಿನ ಜಾಗದವರೆಗೂ ಹದವಾಗಿ ತುಂಬಬೇಕು. ಮೊಣಕಾಲಿನತ್ತ ಏರುವ ಉದ್ದ ಬೂಟುಗಳಿಗೆ ಪಾದದ ಭಾಗಕ್ಕೆ ಒಂದು, ಮೇಲಿನ ಕೊಳವೆಗೆ ಒಂದು ಎಂದು ಎರಡು ಆಧಾರ ಬೇಕಾಗುತ್ತದೆ. ಕೊಳವೆ ಮಗುಚಿಕೊಂಡು ಕಣಕಾಲಿನ ಬಳಿ ಮುರಿದು ಬೀಳದಂತೆ ದಪ್ಪ ಕಾಗದವನ್ನು ಸುರುಳಿ ಸುತ್ತಿ ನಿಲ್ಲಿಸಿದರೂ ಆದೀತು.

ತಿಂಗಳುಗಟ್ಟಲೆ ಧರಿಸದ ಶೂವನ್ನು ಎತ್ತಿಡುವಾಗ ಒಳಗೆ ಶೂ ಟ್ರೀ ಇಟ್ಟು, ಹೊರಗೆ ಹತ್ತಿಯ ಚೀಲ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಉಳಿದ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ; ಗಾಳಿಯ ತೇವಾಂಶ ಬಹುಕಾಲ ಶೇ. 70ಕ್ಕಿಂತ ಮೇಲಿರುವ ಋತುವಿನಲ್ಲಂತೂ ಮುಚ್ಚಿದ ಕಪಾಟೂ ಸುರಕ್ಷಿತವಲ್ಲ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಜೊತೆಗೆ ಇಟ್ಟು, ಆಗಾಗ ಹೊರತೆಗೆದು ಗಾಳಿಗೆ ಒಡ್ಡಬೇಕು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಅಟ್ಟೆಯ ಶೂಗಳ ಬಗ್ಗೆ ಒಂದು ಎಚ್ಚರಿಕೆಯ ಮಾತು: ಅವು ಗಾಳಿಯ ತೇವದೊಂದಿಗೆ ವರ್ತಿಸಿ, ಧರಿಸದೆ ಇಟ್ಟಿದ್ದರೂ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತವೆ, ಶೂ ಟ್ರೀ ಅದನ್ನು ತಡೆಯಲಾರದು. ಅಂಥ ಶೂವನ್ನು ಒಳ್ಳೆಯ ದಿನಕ್ಕೆಂದು ಕಾಪಿಡದೆ ಧರಿಸಿ ಮುಗಿಸುವುದೇ ಸರಿ.

ಮರದ ಶೂ ಟ್ರೀಗೂ ಒಂದಿಷ್ಟು ಆರೈಕೆ ಬೇಕು. ವರ್ಷಕ್ಕೊಮ್ಮೆ ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಿದರೆ ಮೇಲಿನ ಕೊಳಕು ಪದರ ಹೋಗಿ ಸೀಡರ್‌ನ ವಾಸನೆ ಮರಳುತ್ತದೆ, ಮರದ ರಂಧ್ರಗಳೂ ತೆರೆದುಕೊಳ್ಳುತ್ತವೆ. ಪುಡಿಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿಯೇ ಶೂವಿಗೆ ಹಾಕಿ. ನೀರಿನಲ್ಲಿ ತೊಳೆಯಬಾರದು, ಮರ ಬಿರಿಯುತ್ತದೆ ಮತ್ತು ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ತುಕ್ಕು ಕಂಡರೆ ಅದು ಅಸ್ತರಿಗೆ ಕಲೆ ಮಾಡುವ ಮೊದಲೇ ಒರೆಸಿ ತೆಗೆಯಬೇಕು. ಎಡ ಬಲಗಳ ಆಕಾರ ಬೇರೆಯಿದ್ದರೆ ಹಿಂಭಾಗದ ಹಿಡಿಯ ಬಳಿ ಪೆನ್ಸಿಲ್ಲಿನಿಂದ ಗುರುತು ಮಾಡಿಕೊಳ್ಳಿ. ಪ್ರಯಾಣಕ್ಕೆ ಮರದ್ದನ್ನು ಹೊತ್ತೊಯ್ಯುವುದು ಭಾರವೆನಿಸಿದರೆ, ಒಗೆದ ಕಾಲುಚೀಲಗಳನ್ನು ಸುರುಳಿ ಸುತ್ತಿ ಶೂವಿನೊಳಗೆ ತುಂಬಿಕೊಂಡರೆ ಪೆಟ್ಟಿಗೆಯಲ್ಲಿ ಉಳಿದ ಸಾಮಾನಿನ ಒತ್ತಡಕ್ಕೆ ಶೂ ಚಪ್ಪಟೆಯಾಗುವುದಿಲ್ಲ, ಕಾಲುಚೀಲಗಳಿಗೆ ಬೇರೆ ಜಾಗವನ್ನೂ ಹುಡುಕಬೇಕಿಲ್ಲ.