ಕುರುವಾಯಿಯ ದೊಡ್ಡಮ್ಮನನ್ನು ಕೊಲ್ಲುವುದು ಹೇಗೆ

ನಮ್ಮ ನೀರ್ಚಾಲಿನ ತೋಟದಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ಹೆಚ್ಚೆಂದರೆ ಹೆಬ್ಬೆರಳಷ್ಟು ಇರುತ್ತದೆ. ಅದನ್ನು ಆನೆಯಷ್ಟು ಮಾಡಿ ರಾಣಿಪಟ್ಟ ಕಟ್ಟಿದರೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಗೇಮಿನ ಕ್ಯಾಲ್ಫೈಟ್ ಕ್ವೀನ್. ಲೆವೆಲ್ 333. ರಜೆಗೆ ಬಂದ ಅಳಿಯ ಇವಳ ಕೈಯಲ್ಲಿ ಆರು ಸಲ ಸತ್ತು, "ಮಾವ, ಗೇಮೇ ಸರಿ ಇಲ್ಲ" ಎಂದ. ಗೇಮ್ ಸರಿ ಇದೆ ಮಾರಾಯ, ನಿನ್ನ ಬ್ಯಾಗ್ ಸರಿ ಇಲ್ಲ.

ಗೇಮಿಗೆ ದುಡ್ಡು ಕಟ್ಟಿ ಮೆಂಬರ್‌ಶಿಪ್ ಪಡೆದಿದ್ದರೆ ಮಾತ್ರ ಮುಂದೆ ಓದಿ. ಇಲ್ಲದಿದ್ದರೆ ರಾಣಿ ಇರುವ ಮರುಭೂಮಿಗೇ ಬಿಡುವುದಿಲ್ಲ.

ಮೊದಲು ಹಗ್ಗ, ಎರಡು ಬೇಕು. ಮರುಭೂಮಿಯ ಬಾಗಿಲಾದ ಶಾಂಟೆ ಪಾಸ್‌ನ ಪಶ್ಚಿಮಕ್ಕೆ ಒಂದು ಗುಂಡಿ ಇದೆ. ಅದಕ್ಕೆ ಇಳಿಯಲು ಒಂದು, ಒಳಗೆ ರಾಣಿಯ ಕೋಣೆಗೆ ಇಳಿಯಲು ಇನ್ನೊಂದು. ನಾನು ಮೊದಲ ಸಲ ಒಂದೇ ಹಗ್ಗ ಹಿಡಿದು ಹೋಗಿದ್ದೆ. ಕೊಡಪಾನ ಮಾತ್ರ ತಂದವ ಬಾವಿಗೆ ಇಣುಕಿದ ಹಾಗೆ ಇಣುಕಿ ವಾಪಸ್ ಬಂದೆ. ಶಾಂಟೆಯ ಅಂಗಡಿಯಲ್ಲೇ ಹಗ್ಗ ಸಿಗುತ್ತದೆ. ನೀರಿನ ಚೀಲವನ್ನೂ ಅಲ್ಲೇ ತಗೊಳ್ಳಿ, ಆ ಬಿಸಿಲಿಗೆ ಸುಮ್ನೆ ನಡೆದರೂ ಜೀವ ಇಳಿಯುತ್ತದೆ. ಗುಂಡಿಯೊಳಗಿನ ಕೆಲಸದ ಹುಳುಗಳು ಬಡಪಾಯಿಗಳು, ಲೆವೆಲ್ 28. ಸೈನಿಕ ಹುಳುಗಳು 85, ಅವಕ್ಕೆ ವಿಷ ಇದೆ. ಮದ್ದಿನ ಬಾಟಲಿ ಒಂದು ಇರಲಿ.

ಇನ್ನು ರಾಣಿ. ಅವಳಿಗೆ ಎರಡು ಜನ್ಮ, ಒಂದೊಂದಕ್ಕೂ 255 ಜೀವ. ಮೊದಲ ಜನ್ಮದಲ್ಲಿ ನೆಲದ ಮೇಲೆ ಹರಿದಾಡುತ್ತಾಳೆ. ಬಾಣ, ಮಂತ್ರ ಯಾವುದಕ್ಕೂ ಬಗ್ಗುವುದಿಲ್ಲ, ಹತ್ತಿರ ನಿಂತೇ ಬಾರಿಸಬೇಕು. 'ಕಾಂಟ್ಯಾಕ್ಟ್!' ಎಂಬ ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಮುಗಿಸಿದವರಿಗೆ ಕೆರಿಸ್ ಎಂಬ ಕಠಾರಿ ಸಿಗುತ್ತದೆ. ಈ ಹುಳುಗಳಿಗೆಂದೇ ಮಾಡಿದ್ದು. 51ರಲ್ಲಿ ಒಂದು ಪೆಟ್ಟು ಮೂರು ಪಟ್ಟು ಬೀಳುತ್ತದೆ. ನನಗೆ ಅದು ಬೀಳುವುದು ಯಾವಾಗಲೂ ಅವಳು ಸಾಯುವ ಹೊತ್ತಿಗೇ.

ಅವಳ ಮಂತ್ರಕ್ಕೂ ಅವಳು ಎಸೆಯುವ ಮುಳ್ಳಿಗೂ ಗುರಿ ತಪ್ಪುವುದೇ ಇಲ್ಲ. ಮಂತ್ರ ತಡೆಯುವ ಪ್ರೇಯರ್ (ಗೇಮಿನ ರಕ್ಷಣೆಯ ಪ್ರಾರ್ಥನೆ) ಇಳಿಯುವ ಮೊದಲೇ ಹಾಕಿ, ಪ್ರೇಯರ್ ಲೆವೆಲ್ 37 ಆದವರಿಗೆ ಸಿಗುತ್ತದೆ. ಮುಳ್ಳಿನ ಪೆಟ್ಟು ಆದರೂ ತಾಗುತ್ತದೆ. ಒಂದೇ ಏಟಿಗೆ 31ರ ತನಕ ಹೋಗಬಹುದು, ಹಾಗಾಗಿ ಜೀವ 40ಕ್ಕೆ ಇಳಿಯುವ ಮೊದಲೇ ಜೀವ ತುಂಬುವ ಮೀನು ತಿನ್ನಿ. "ಇನ್ನೊಂದು ಪೆಟ್ಟು ಕೊಟ್ಟು ತಿನ್ನುವ" ಎಂಬ ಆಸೆ ಬೇಡ. ಅಳಿಯನ ಆರರಲ್ಲಿ ನಾಲ್ಕು ಸಾವು ಅದರಿಂದಲೇ.

ಉಳಿದ ಎರಡು ಸಾವು ನಾನು ಒಮ್ಮೆ ಸತ್ತ ಹಾಗೆಯೇ. ಅವತ್ತು ಅವಳು ಬಿದ್ದಳು ಅಂತ ಖುಷಿಯಾಗಿತ್ತು. ಅಷ್ಟರಲ್ಲಿ ಮಳೆ ಹನಿಯಿತು, ಅಂಗಳದ ಅಡಿಕೆ ಒಳಗೆ ತರಲು ಅಮ್ಮ ಕೂಗಿದರು. ಫೋನ್ ಕಿಟಕಿಯಲ್ಲಿಟ್ಟು ಓಡಿದೆ. ಬಂದು ನೋಡಿದರೆ ನಾನೇ ಇಲ್ಲ. ಬಿದ್ದದ್ದು ಚಿಪ್ಪು ಮಾತ್ರ, ಒಳಗಿಂದ ರೆಕ್ಕೆ ಬಂದ ರಾಣಿ ಎದ್ದಿದ್ದಳು. ಗೊಬ್ಬರದ ಗುಂಡಿಯ ಬಿಳಿ ಹುಳ ರೆಕ್ಕೆ ಬಂದಮೇಲೆ ಕುರುವಾಯಿಯಾಗಿ ತೆಂಗಿಗೆ ಹಾರುವುದನ್ನು ಹುಟ್ಟಿದಂದಿನಿಂದ ನೋಡಿದ ನನಗೆ ಇಷ್ಟು ಹೊಳೆಯಬಾರದೇ?

ಈ ಎರಡನೇ ಜನ್ಮದಲ್ಲಿ ಲೆಕ್ಕ ಉಲ್ಟಾ. ಕಠಾರಿ ಸಾಲದು, ಬಾಣ ಅಥವಾ ಮಂತ್ರ ಬೇಕು. ಬ್ಯಾಗಿನ 28 ಜಾಗದಲ್ಲಿ ಕ್ರಾಸ್‌ಬೋ (ಅಡ್ಡಬಿಲ್ಲು), ಅದರ ಬೋಲ್ಟ್ (ಬಾಣ) ಎರಡನ್ನೂ ಮೇಲಿನ ಸಾಲಿನಲ್ಲೇ ಇಡಿ. ಅಳಿಯ ಅದನ್ನು ಮೀನುಗಳ ನಡುವೆ ಇಟ್ಟಿದ್ದ. ಗಡಿಬಿಡಿಯಲ್ಲಿ ಬಿಲ್ಲು ಒತ್ತಲು ಹೋಗಿ ಮೀನು ತಿನ್ನುತ್ತಿದ್ದ.

ಸತ್ತರೆ ಸಾಮಾನು ಸಮಾಧಿಯಲ್ಲಿರುತ್ತದೆ, 15 ನಿಮಿಷದಲ್ಲಿ ಹೋಗಿ ತರಬೇಕು. ಆಗ ಹಗ್ಗ ಹುಡುಕುತ್ತಾ ಕೂರಬೇಡಿ. ಬ್ಯಾಂಕಿನಲ್ಲಿ ಇನ್ನೆರಡು ಇಟ್ಟಿರಿ.

ನಿನ್ನೆ ರಾತ್ರಿ ಅಳಿಯ ಕೊಂದ. ಈಗ ಅವನಿಗೆ ರಾಣಿಯ ಮರಿ ಬೇಕಂತೆ. ಸಾಕುಪ್ರಾಣಿಯ ಹಾಗೆ ಹಿಂದೆಯೇ ಬರುತ್ತದೆ, ಸಿಗುವುದು 3000 ಸಲ ಕೊಂದರೆ ಸರಾಸರಿ ಒಂದು. ಹಟ್ಟಿಯ ಹಿಂದಿನ ಗೊಬ್ಬರ ಕೆದಕು, ಈಗಲೇ ಹತ್ತು ಸಿಗುತ್ತವೆ ಎಂದೆ. ಅವು ಬೇಡವಂತೆ.