ಕುದುರೆಗೆ ಲಾಳ ಬೇಕಾ, ಬರಿಗಾಲೇ ಸಾಕಾ?

ಮೈಸೂರು ಅರಮನೆ ಸುತ್ತ ಟಾಂಗಾ ಹೋಗುವಾಗ ಕೇಳುವ ಟಕ್ ಟಕ್ ಸದ್ದು ಲಾಳದ್ದು. ಅದನ್ನೇ ಕೇಳಿ ಬೆಳೆದ ನಮಗೆ ಕುದುರೆ ಅಂದಮೇಲೆ ಲಾಳ ಇರಲೇಬೇಕು ಅನ್ನಿಸುತ್ತದೆ. ಹಾಗೇನಿಲ್ಲ. ತೋಟದಲ್ಲಿ ಒಂದು ಕುದುರೆ ಸಾಕಿಕೊಂಡು, ಭಾನುವಾರ ಮಣ್ಣು ದಾರಿಯಲ್ಲಿ ಸವಾರಿ ಮಾಡುವವರಿಗೆ ಲಾಳದ ಖರ್ಚು ಸುಮ್ನೆ ದಂಡ ಆಗಬಹುದು.

ಮೊದಲು ಕಾಲೆತ್ತಿ ನೋಡಿ. ಮಣ್ಣು, ಲದ್ದಿ ಕೆರೆದು ತೆಗೆಯಿರಿ. ಹೊರಗಿನ ಗಟ್ಟಿ ಅಂಚು ನಮ್ಮ ಉಗುರಿನಂತೆ, ಅದಕ್ಕೆ ನೋವು ಗೊತ್ತಾಗದು. ಅಂಚಿನ ಒಳಗೆ ತೆಳುವಾದ ಬಿಳಿ ಗೆರೆ ಕಾಣುತ್ತದೆ. ಅದರಿಂದ ಒಳಕ್ಕೆ ಜೀವ ಇರುವ ಭಾಗ. ಮಧ್ಯದಲ್ಲಿ ರಬ್ಬರಿನಂಥ ತ್ರಿಕೋನ ಇದೆಯಲ್ಲ, ಅದು ನೆಲಕ್ಕೆ ತಾಗುತ್ತಿರಬೇಕು. ಅಲ್ಲಿ ಕಪ್ಪಗಾಗಿ ಕೊಳೆತ ವಾಸನೆ ಬಂದರೆ ಲಾಳದ ಮಾತು ಆಮೇಲೆ. ಮೊದಲು ಲಾಯ ಒಣಗಿಸಿ, ಡಾಕ್ಟರಿಗೆ ತೋರಿಸಿ. ಈಗ ಎರಡೂ ಹೆಬ್ಬೆರಳಿನಿಂದ ಅಂಗಾಲು ಒತ್ತಿ. ಒತ್ತಿದ ಜಾಗ ಬಗ್ಗಿದರೆ ಅಂಗಾಲು ತೀರಾ ತೆಳು, ಬರಿಗಾಲಲ್ಲಿ ಕಲ್ಲಿನ ಮೇಲೆ ನಡೆಸಬೇಡಿ.

ಆಮೇಲೆ ದಾರಿಯ ಲೆಕ್ಕ. ಗೊರಸು ತಿಂಗಳಿಗೆ ಹೆಚ್ಚುಕಡಿಮೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಬೆಳೆದದ್ದಕ್ಕಿಂತ ಜಾಸ್ತಿ ಸವೆದರೆ ಲಾಳ ಬೇಕು, ಇಷ್ಟೇ ವಿಷಯ. ದಿನವಿಡೀ ಡಾಂಬರಿನ ಮೇಲೆ ಗಾಡಿ ಎಳೆಯುವ ಕುದುರೆಗೆ ಬರಿಗಾಲು ಅನ್ನುವುದು ಕ್ರೌರ್ಯವೇ. ಹುಲ್ಲು, ಮಣ್ಣಿನಲ್ಲಿ ಓಡಾಡುವ ಕುದುರೆಗೆ ಕಬ್ಬಿಣ ಯಾಕೆ? ನಡುವಿನ ದಾರಿಯೂ ಇದೆ. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇ 60 ಮುಂಗಾಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಮುಂದಿನ ಎರಡಕ್ಕೆ ಮಾತ್ರ ಲಾಳ ಕಟ್ಟಿಸುವವರು ಬಹಳ ಜನ.

ನಾನು ಒಮ್ಮೆ ಲಾಳ ಬಿಚ್ಚಿಸಿ ಮಾರನೇ ದಿನವೇ ಸವಾರಿ ಹೊರಟೆ. ಜಲ್ಲಿ ಸಿಕ್ಕಿದ್ದೇ ತಡ, ನಾವು ಚಪ್ಪಲಿ ಬಿಟ್ಟು ಬಿಸಿಲಿಗೆ ಇಳಿದ ಹಾಗೆ ಕುದುರೆ ಒಂದೊಂದೇ ಹೆಜ್ಜೆ ತಡವಿ ತಡವಿ ಇಟ್ಟಿತು. ತಪ್ಪು ನನ್ನದು. ಬಿಚ್ಚಿದ ಮೇಲೆ ಕೆಲವು ವಾರ ಮೆತ್ತನೆ ನೆಲದಲ್ಲೇ ನಡೆಸಿ, ಆಮೇಲೆ ಸ್ವಲ್ಪ ಸ್ವಲ್ಪ ಗಟ್ಟಿ ನೆಲ ಅಭ್ಯಾಸ ಮಾಡಿಸಬೇಕು. ಹಳೆ ಮೊಳೆಯ ತೂತುಗಳು ಕೆಳಗಿಳಿದು, ಮುಂಭಾಗದಲ್ಲಿ ಪೂರ್ತಿ ಹೊಸ ಗೊರಸು ಬರಲು 9ರಿಂದ 12 ತಿಂಗಳು ಹಿಡಿಯುತ್ತದೆ. ಬರಿಗಾಲು ಅಂದರೆ ಹಾಗೇ ಬಿಟ್ಟುಬಿಡುವುದಲ್ಲ. ಆರು ವಾರಕ್ಕೊಮ್ಮೆ ತೋರಿಸಿ, ಬೆಳೆದಿದ್ದರೆ ಕತ್ತರಿಸಿ, ಅರದಿಂದ ಅಂಚು ದುಂಡಗೆ ಉಜ್ಜಿಸಬೇಕು.

ಲಾಳವೇ ಸರಿ ಅನ್ನಿಸಿದರೆ, ಕಟ್ಟುವವರು ನಿಯಮಿತವಾಗಿ ಸಿಗುತ್ತಾರಾ ಅಂತ ಮೊದಲು ವಿಚಾರಿಸಿ. ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ. ಲಾಳ ಇದ್ದರೂ ಗೊರಸು ಬೆಳೆಯುತ್ತಲೇ ಇರುತ್ತದೆ. ಆರರಿಂದ ಎಂಟು ವಾರಕ್ಕೆ ಬಿಚ್ಚಿ, ಗೊರಸು ಕತ್ತರಿಸಿ ಮತ್ತೆ ಕಟ್ಟಬೇಕು. ಲಾಳವನ್ನು ಗೊರಸಿಗೆ ತಕ್ಕ ಹಾಗೆ ಬಗ್ಗಿಸುತ್ತಾರಾ, ಲಾಳಕ್ಕೆ ಸರಿಯಾಗಲಿ ಅಂತ ಗೊರಸನ್ನೇ ಉಜ್ಜುತ್ತಾರಾ, ನಿಂತು ನೋಡಿ. ಎರಡನೆಯ ಥರದವರಾದರೆ ಬೇರೆಯವರನ್ನು ಹುಡುಕಿ.

ಮೊಳೆ ಬಿಳಿ ಗೆರೆಯ ಒಳಗೆ ಹೋಗಬಾರದು. ಹೊಡೆಯುವಾಗ ಕುದುರೆ ಸರಕ್ಕನೆ ಕಾಲೆಳೆದರೆ, ಅಥವಾ ಒಂದೆರಡು ದಿನದಲ್ಲಿ ಕುಂಟಿ, ಗೊರಸು ಬಿಸಿಯಾದರೆ ಆ ಮೊಳೆ ತೆಗೆಸಿ ಡಾಕ್ಟರನ್ನು ಕರೆಸಿ. ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ. ಅದರ ಲಸಿಕೆ ಮೊದಲೇ ಹಾಕಿಸಿರಿ.

ಸವಾರಿಗೆ ಮುಂಚೆ ಗಟ್ಟಿ ನೆಲದಲ್ಲಿ ನಾಲ್ಕು ಹೆಜ್ಜೆ ನಡೆಸಿ, ಕಿವಿಗೊಡಿ. ಟಕ್ ಟಕ್ ನಡುವೆ ಒಂದು ಕಾಲು ಮಾತ್ರ ಗಲಗಲ ಅಂದರೆ ಆ ಲಾಳ ಸಡಿಲವಾಗಿದೆ. ಅವತ್ತು ಸವಾರಿ ಬೇಡ.