ಜಾರ್ಜ್‌ಗೆ ನಿಕೊಲಸ್ ತಮ್ಮನಾಗಬೇಕು

ನಾನು ಬರೆದ ಕನ್ನಡ ನಿರೂಪಣೆ ಮೊದಲ ಸಲ ಟೀವಿಯಲ್ಲಿ ಬಂದ ರಾತ್ರಿ ಮಂಡ್ಯದ ಮನೆಯಲ್ಲಿ ಅವ್ವ, ಅಪ್ಪ, ನಾನು ಮೂವರೂ ಕೂತು ನೋಡಿದೆವು. ಮೊದಲ ಮಹಾಯುದ್ಧದ ಹಿಂದಿನ ಯುರೋಪಿನ ಅರಸು ಮನೆತನಗಳ ಕಥೆ ಅದು. ಇಂಗ್ಲೆಂಡಿನ ಐದನೇ ಜಾರ್ಜ್, ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್, ರಷ್ಯಾದ ಝಾರ್ ಎರಡನೇ ನಿಕೊಲಸ್. ಇಂಗ್ಲಿಷ್ ಪ್ರತಿಯಲ್ಲಿ ಮೂವರನ್ನೂ ‘ಕಸಿನ್ಸ್’ ಎಂದಿದ್ದರು, ನಾನು ‘ಸೋದರ ಸಂಬಂಧಿಗಳು’ ಎಂದು ಬರೆದು ಮುಗಿಸಿದ್ದೆ. ಕಾರ್ಯಕ್ರಮ ಮುಗಿದ ಮೇಲೆ ಅವ್ವ ಕೇಳಿದಳು: “ಎಲ್ಲಾ ಸರಿ ಮಗಾ, ಆ ಮೂರು ಜನ ಯಾವ್ ಕಡೀಂದ ಏನಾಗ್ಬೇಕು?”

ನನ್ನಲ್ಲಿ ಉತ್ತರವಿರಲಿಲ್ಲ. ಹದಿನೇಳು ವರ್ಷ ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡಿದವಳು ನಾನು. ಆ ಮೂವರ ವಂಶವೃಕ್ಷವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೆ. ಆದರೆ ಅದನ್ನು ಕನ್ನಡದಲ್ಲಿ ಯೋಚಿಸಿಯೇ ಇರಲಿಲ್ಲ. ಆ ರಾತ್ರಿ ಕ್ಯಾಲೆಂಡರ್ ಹಾಳೆ ಹರಿದು ಹಿಂಬದಿಯಲ್ಲಿ ಗೆರೆ ಎಳೆಯುತ್ತಾ ಕೂತೆ, ಅವ್ವ ಪಕ್ಕದಲ್ಲಿ ಕೂತು ಹೇಳುತ್ತಾ ಹೋದಳು.

ಜಾರ್ಜ್‌ನ ತಾಯಿ ಅಲೆಕ್ಸಾಂಡ್ರಾ, ನಿಕೊಲಸ್‌ನ ತಾಯಿ ಡಾಗ್ಮಾರ್. ಇಬ್ಬರೂ ಡೆನ್ಮಾರ್ಕಿನ ದೊರೆಯ ಹೆಣ್ಣುಮಕ್ಕಳು, ಅಲೆಕ್ಸಾಂಡ್ರಾ ದೊಡ್ಡವಳು. ಅಂದರೆ ಇವರು ದೊಡ್ಡಮ್ಮ-ಚಿಕ್ಕಮ್ಮನ ಮಕ್ಕಳು. ನಮ್ಮಲ್ಲಿ ಅಂಥವರನ್ನು ಸಂಬಂಧಿ ಎನ್ನುವುದಿಲ್ಲ, ಅಣ್ಣ-ತಮ್ಮ ಎನ್ನುತ್ತೇವೆ. ಜಾರ್ಜ್ ಹುಟ್ಟಿದ್ದು 1865ರಲ್ಲಿ, ನಿಕೊಲಸ್ 1868ರಲ್ಲಿ. ಹಾಗಾಗಿ ಜಾರ್ಜ್ ಅಣ್ಣ, ನಿಕೊಲಸ್ ತಮ್ಮ. ಇನ್ನು ವಿಲ್ಹೆಲ್ಮ್‌ನ ತಾಯಿ ಜಾರ್ಜ್‌ನ ತಂದೆಗೆ ಅಕ್ಕ. ಸೋದರತ್ತೆಯ ಮಗ, ವಯಸ್ಸಿನಲ್ಲೂ ದೊಡ್ಡವನು, ಅಂದರೆ ಭಾವ. ಇಲ್ಲಿಗೆ ಮುಗಿಯಿತು ಅಂದುಕೊಂಡರೆ ನಿಕೊಲಸ್ ಮದುವೆಯಾದದ್ದು ವಿಲ್ಹೆಲ್ಮ್‌ನ ಚಿಕ್ಕಮ್ಮನ ಮಗಳನ್ನು. ತಂಗಿಯ ಗಂಡ!

“ಹಂಗಾರೆ ಬೀಗ್ರುಬಿಜ್ಜರೇ ಹೊಡ್ದಾಡವ್ರೆ” ಅಂದಳು ಅವ್ವ. ಅವಳ ಮುಖ ಗಂಭೀರವಾಗಿತ್ತು. ಆಸ್ತಿ ಜಗಳದಲ್ಲಿ ಮಾತು ಬಿಟ್ಟ ಮನೆಗಳನ್ನು ಕಂಡವಳಿಗೆ 1914 ಅರ್ಥವಾಗಲು ನಕ್ಷೆ ಬೇಕಿರಲಿಲ್ಲ.

ನಾನು ಈಗ ಮೈಸೂರಿನಲ್ಲಿದ್ದೇನೆ. ಇತಿಹಾಸದ ಸಾಕ್ಷ್ಯಚಿತ್ರಗಳಿಗೆ ಕನ್ನಡ ನಿರೂಪಣೆ ಬರೆಯುವುದು ನನ್ನ ಕೆಲಸ. ಬೆಂಗಳೂರಿನ ಸ್ಟುಡಿಯೋದಿಂದ ವಿಡಿಯೊ ಬರುತ್ತದೆ, ಜೊತೆಗೆ ಪ್ರತಿ ಸಾಲಿನ ಎದುರು ನಿಮಿಷ-ಸೆಕೆಂಡ್ ನಮೂದಿಸಿದ ಇಂಗ್ಲಿಷ್ ಪ್ರತಿ. ನಾನು ಬರೆದು ಕಳಿಸಿದ್ದನ್ನು ಧ್ವನಿ ಕಲಾವಿದರು ಓದುತ್ತಾರೆ. ಅವ್ವ ಆ ಪ್ರಶ್ನೆ ಕೇಳಿದ ಮೇಲೆ ಕೆಲಸದ ರೀತಿ ಬದಲಾಯಿತು. ಅದೇ ಸರಣಿಯ ಮುಂದಿನ ಕಂತಿನಲ್ಲಿ 1917 ಬಂತು. ಮಾರ್ಚಿನಲ್ಲಿ ನಿಕೊಲಸ್ ಸಿಂಹಾಸನ ಬಿಟ್ಟ. ಅವನ ಕುಟುಂಬಕ್ಕೆ ಆಶ್ರಯ ಕೊಡುವುದಾಗಿ ಬ್ರಿಟಿಷ್ ಸರ್ಕಾರ ಮೊದಲು ಒಪ್ಪಿತ್ತು. ತನ್ನ ಸಿಂಹಾಸನಕ್ಕೇ ಕುತ್ತು ಬಂದೀತೆಂದು ಹೆದರಿದ ಜಾರ್ಜ್ ಒತ್ತಾಯ ಮಾಡಿ ಆ ಮಾತನ್ನು ಹಿಂದಕ್ಕೆ ತೆಗೆಸಿದ. 1918ರ ಜುಲೈ 17ರ ನಸುಕಿನಲ್ಲಿ ಯೆಕಾಟೆರಿನ್‌ಬರ್ಗ್‌ನ ಮನೆಯೊಂದರ ನೆಲಮಾಳಿಗೆಯಲ್ಲಿ ನಿಕೊಲಸ್, ಅವನ ಹೆಂಡತಿ, ಐದು ಮಕ್ಕಳು ಎಲ್ಲರನ್ನೂ ಗುಂಡಿಟ್ಟು ಕೊಂದರು. ಇಂಗ್ಲಿಷ್‌ನಲ್ಲಿ ‘ಕಸಿನ್ ಆಶ್ರಯ ಕೊಡಲಿಲ್ಲ’ ಎಂಬರ್ಥದ ಸಾಲಿತ್ತು. ನಾನು ಬರೆದದ್ದು: ‘ಅಣ್ಣನ ಮನೆಯ ಬಾಗಿಲು ತೆರೆಯಲಿಲ್ಲ.’ ರೆಕಾರ್ಡಿಂಗ್ ದಿನ ಕಲಾವಿದರು ಅದನ್ನು ಓದಿ, ಮುಂದಿನ ಸಾಲಿಗೆ ಹೋಗದೆ ಸ್ವಲ್ಪ ಹೊತ್ತು ಸುಮ್ಮನಾದರು. ಆ ಮೌನವನ್ನು ಕತ್ತರಿಸಬೇಡಿ ಎಂದು ಕೇಳಿಕೊಂಡೆ.

ಮೇಲಿನ ಸಾಲುಗಳಲ್ಲಿ ‘ಬಿಟ್ಟ’, ‘ತೆಗೆಸಿದ’ ಎಂದು ಬರೆದೆನಲ್ಲ, ಅದನ್ನು ತೀರ್ಮಾನಿಸಲು ನನಗೆ ಎರಡು ವಾರ ಬೇಕಾಯಿತು. ಕನ್ನಡದಲ್ಲಿ ಕ್ರಿಯಾಪದ ಬರೆದ ಕೂಡಲೇ ಮರ್ಯಾದೆ ಎಷ್ಟೆಂದು ಹೇಳಿಬಿಟ್ಟಿರುತ್ತೇವೆ. ಬಂದ, ಬಂದರು. ನಡುವೆ ನಿಲ್ಲಲು ಜಾಗವೇ ಇಲ್ಲ. ಶೀತಲ ಸಮರದ ಕಂತೊಂದನ್ನು ಬರೆದು ಗಟ್ಟಿಯಾಗಿ ಓದಿಕೊಂಡಾಗ ಎದೆ ಧಸಕ್ಕೆಂದಿತು. ಅಮೆರಿಕದ ಅಧ್ಯಕ್ಷ ಕೆನಡಿ ‘ಹೇಳಿದರು’, ಸೋವಿಯತ್ ನಾಯಕ ಕ್ರುಶ್ಚೇವ್ ‘ಗುಡುಗಿದ’ ಎಂದು ಬರೆದಿದ್ದೆ. ಎರಡು ಮಹಾಶಕ್ತಿಗಳ ಪೈಪೋಟಿಯ ಕಥೆಯಲ್ಲಿ ನನಗೇ ಗೊತ್ತಿಲ್ಲದೆ ಒಂದು ಕಡೆ ಹೋಗಿ ನಿಂತಿದ್ದೆ. ಇಂಗ್ಲಿಷ್ ಪ್ರತಿಯಲ್ಲಿ ಇಬ್ಬರಿಗೂ ಒಂದೇ ‘ಹೀ’.

ಇನ್ನೂ ಕಷ್ಟವಾದದ್ದು ಯಾಲ್ಟಾ, ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಬ್ರಿಟನ್, ಅಮೆರಿಕ, ಸೋವಿಯತ್ ನಾಯಕರು ಸಭೆ ಸೇರಿದ ಊರು. 1945ರ ಫೆಬ್ರವರಿಯ ಆ ಪ್ರಸಿದ್ಧ ಚಿತ್ರದಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಒಂದೇ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಸ್ಟಾಲಿನ್ ಹೆಸರಿಗೆ ನಮ್ಮ ಬರವಣಿಗೆಯಲ್ಲಿ ಏಕವಚನ ಬಳಸುವುದು ರೂಢಿ. ಅವನ ಆಳ್ವಿಕೆಯಲ್ಲಿ ಸತ್ತವರನ್ನು ನೆನೆದರೆ ಕೈ ತಾನಾಗಿ ‘ಅವನು’ ಎಂದೇ ಬರೆಯುತ್ತದೆ. ಆದರೆ ಒಂದೇ ಚಿತ್ರದಲ್ಲಿ ಇಬ್ಬರು ‘ಕುಳಿತರು’, ಮೂರನೆಯವನು ‘ಕುಳಿತ’ ಎಂದರೆ ನೋಡುವವನಿಗೆ ತೀರ್ಪನ್ನು ಮೊದಲೇ ಕೈಗಿಟ್ಟಂತೆ. ಸಾಕ್ಷ್ಯವನ್ನು ನೋಡುವ ಅವಕಾಶ ಅವನಿಗೆ ಎಲ್ಲಿ ಉಳಿಯಿತು? ಕೊನೆಗೆ ಒಂದು ಕಟ್ಟಳೆ ಹಾಕಿಕೊಂಡೆ. ಒಂದು ಕಾರ್ಯಕ್ರಮಕ್ಕೆ ಒಂದೇ ಅಳತೆ. ಎರಡೂ ಬಣದವರಿಗೆ ಬಹುವಚನ, ಇಲ್ಲದಿದ್ದರೆ ಎರಡೂ ಬಣದವರಿಗೆ ಏಕವಚನ. ಬೈಯಬೇಕಾದ್ದನ್ನು ಬೈಯಲು ಅಂಕಿಅಂಶ, ಪತ್ರ, ಬದುಕಿ ಉಳಿದವರ ಮಾತು ಇವೆ. ಆ ಕೆಲಸವನ್ನು ಪ್ರತ್ಯಯದ ಮೇಲೆ ಹೊರಿಸಬಾರದು ಎಂಬುದು ಇವತ್ತಿಗೂ ನನ್ನ ನಿಲುವು.

ರಾಜರ ವಿಷಯ ಬೇರೆ. ಮೈಸೂರಿನಲ್ಲಿ ಕೂತು ರಾಜನಿಗೆ ಏಕವಚನ ಬರೆಯುವುದು ಸುಲಭವಲ್ಲ. ಇಲ್ಲಿ ‘ನಾಲ್ವಡಿಯವರು’ ಎಂದೇ ಬಾಯಿಗೆ ಬರುವುದು. ಕೃಷ್ಣರಾಜಸಾಗರ, ವಿಶ್ವವಿದ್ಯಾನಿಲಯ, ಮಂಡ್ಯದ ಸಕ್ಕರೆ ಕಾರ್ಖಾನೆ ಎಲ್ಲದರ ಹಿಂದೆ ಆ ಹೆಸರಿದೆ. ಬಹುವಚನವನ್ನು ಯಾರೂ ಹೇರಿದ್ದಲ್ಲ, ಅದು ಊರಿನ ಋಣ. ಆದರೆ ಅಜ್ಜಿಯ ಕಥೆಯ ರಾಜ ಯಾವತ್ತೂ ಏಕವಚನವೇ, ‘ಒಂದೂರಲ್ಲಿ ಒಬ್ಬ ರಾಜ ಇದ್ದ’. ಜಾರ್ಜ್, ವಿಲ್ಹೆಲ್ಮ್, ನಿಕೊಲಸ್ ಮೂವರಿಗೂ ಆ ಕಥೆಯ ಏಕವಚನ ಕೊಟ್ಟೆ. ಅಣ್ಣ, ತಮ್ಮ, ಭಾವ ಎಂದು ಒಮ್ಮೆ ಕರೆದ ಮೇಲೆ ‘ಅವರು’ ಎಂದರೆ ದೂರ ತಳ್ಳಿದಂತಾಗುತ್ತಿತ್ತು. ನಾನು ಅವ್ವನನ್ನು ‘ಕೇಳಿದಳು’ ಎನ್ನುವುದೂ ಹತ್ತಿರವಿರುವುದಕ್ಕೇ.

ಕ್ಯೂಬಾ ಕಂತಿನ ಒಂದು ಪದದ ಬಗ್ಗೆ ಹೇಳಬೇಕು. 1962ರ ಅಕ್ಟೋಬರ್ 14ರಂದು ಅಮೆರಿಕದ ಬೇಹುಗಾರಿಕೆ ವಿಮಾನ ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿ ನೆಲೆಗಳ ಚಿತ್ರ ತೆಗೆಯಿತು. 22ರ ಸಂಜೆ ಕೆನಡಿ ಟೀವಿಯಲ್ಲಿ ಮಾತಾಡಿ, ಕ್ಯೂಬಾಕ್ಕೆ ಆಯುಧ ಒಯ್ಯುವ ಹಡಗುಗಳನ್ನು ತಡೆಯುವುದಾಗಿ ಹೇಳಿದರು. ಅದಕ್ಕೆ ಅವರು ಬಳಸಿದ ಪದ ‘ಕ್ವಾರಂಟೈನ್’. ನಾನು ಸಲೀಸಾಗಿ ‘ನೌಕಾ ದಿಗ್ಬಂಧನ’ ಎಂದು ಬರೆದಿದ್ದೆ. ಅದು ತಪ್ಪು, ಸಣ್ಣ ತಪ್ಪೂ ಅಲ್ಲ. ದಿಗ್ಬಂಧನವೆಂದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಯುದ್ಧ ಸಾರಿದಂತೆ. ಅದನ್ನು ತಪ್ಪಿಸಲೆಂದೇ ಅವರು ಬೇರೆ ಪದ ಹುಡುಕಿದ್ದರು. ಆ ಪದದ ಆಯ್ಕೆಯೇ ಅಂದಿನ ರಾಜತಂತ್ರ, ನಾನು ಅದನ್ನೇ ಅಳಿಸಿಹಾಕಿದ್ದೆ. ಹಾಗೆಂದು ‘ಕ್ವಾರಂಟೈನ್’ ಎಂದು ಬಿಟ್ಟರೆ ಕೊರೊನಾ ಕಾಲ ಕಂಡ ನಮ್ಮ ಜನ ಕಾಯಿಲೆ ಎಂದುಕೊಳ್ಳುತ್ತಾರೆ. ಹಡಗುಗಳು ಸಾಗುವ ದೃಶ್ಯ ಆರು ಸೆಕೆಂಡ್ ಬರಿದಾಗಿ ಸಿಕ್ಕಿತು. ಅಲ್ಲಿ ಕೂರಿಸಿದೆ: ‘ದಿಗ್ಬಂಧನ ಎಂದರೆ ಯುದ್ಧ. ಅದಕ್ಕೇ ರೋಗಕ್ಕೆ ಬಳಸುವ ಪದ ಬಳಸಿದರು.’

ಅದೇ ವಾರ, ಅಕ್ಟೋಬರ್ 20ರಂದು ಚೀನಾ ನಮ್ಮ ಗಡಿಯ ಮೇಲೆ ದಾಳಿ ಮಾಡಿತ್ತು. ಅಪ್ಪನಿಗೆ ಆ ವರ್ಷ ನೆನಪಿರುವುದು ಚೀನಾ ಯುದ್ಧದಿಂದ, ಕ್ಯೂಬಾದ ಹೆಸರು ಅವರು ಆಗ ಕೇಳಿರಲೇ ಇಲ್ಲ. ಜಗತ್ತು ಅಣುಯುದ್ಧದ ಅಂಚಿಗೆ ಹೋಗಿದ್ದ ಹದಿಮೂರು ದಿನಗಳಲ್ಲಿ ಹೆಚ್ಚಿನ ದಿನ ನಮ್ಮ ಸೈನಿಕರು ಹಿಮದಲ್ಲಿ ಹೋರಾಡುತ್ತಿದ್ದರು. ಮೂಲ ಚಿತ್ರದಲ್ಲಿ ಇದರ ಸುಳಿವಿಲ್ಲ, ಸೇರಿಸುವ ಅಧಿಕಾರ ನನಗಿಲ್ಲ. ಇದು ನನ್ನನ್ನು ಕಾಡುತ್ತದೆ.

ಅಪ್ಪನ ಮಾತು ಬಂತಲ್ಲ. ಅವರು ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ದುಡಿದವರು. ಕೈಗಾರಿಕಾ ಕ್ರಾಂತಿಯ ಸರಣಿ ಬಂದಾಗ ನಾನು ಪದಕೋಶ ಇಟ್ಟುಕೊಂಡು ಪಿಸ್ಟನ್‌ಗೆ ‘ಆಡುಬೆಣೆ’, ಸಿಲಿಂಡರ್‌ಗೆ ‘ಉರುಳೆ’ ಎಂದು ಬರೆದೆ. ಕನ್ನಡ ಕಟ್ಟಿದವರ ಶ್ರಮದ ಬಗ್ಗೆ ನನಗೆ ಗೌರವವಿದೆ, ಆಡುಬೆಣೆ ಚೆಂದದ ಪದವೂ ಹೌದು. ಆದರೆ ಅಪ್ಪನಿಗೆ ಓದಿ ಹೇಳಿದಾಗ ಅವರು ನಡುವೆಯೇ ಕೈ ಎತ್ತಿ, “ಯಾವ ಮಿಶೀನು ಇದು?” ಎಂದು ಕೇಳಿದರು. ಮೂವತ್ತು ವರ್ಷ ಉಗಿಯ ಜೊತೆ ಬಾಳಿದವರಿಗೇ ಗುರುತು ಸಿಗಲಿಲ್ಲ.

ಆಮೇಲೆ ಅವರಿಂದಲೇ ಕಲಿತೆ. ಇಂಗ್ಲೆಂಡಿನ ನ್ಯೂಕಮನ್ 1712ರಲ್ಲಿ ಮಾಡಿದ ಉಗಿ ಎಂಜಿನ್‌ನಲ್ಲಿ ಸಿಲಿಂಡರ್‌ಗೆ ಉಗಿ ತುಂಬಿ, ಅದರೊಳಕ್ಕೇ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸುತ್ತಿದ್ದರು. ಒಳಗೆ ನಿರ್ವಾತ ಉಂಟಾಗಿ ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿತ್ತು. ಜೇಮ್ಸ್ ವಾಟ್ ಕಂಡದ್ದು ಅದರ ದಂಡ. ಪ್ರತಿ ಸಲ ಸಿಲಿಂಡರ್ ತಣ್ಣಗಾಗುತ್ತದೆ, ಪ್ರತಿ ಸಲ ಮತ್ತೆ ಬಿಸಿಯಾಗಬೇಕು. ಉಗಿಯನ್ನು ಬೇರೆ ಪಾತ್ರೆಗೆ ಎಳೆದು ಅಲ್ಲಿ ತಣಿಸಿದರೆ? 1769ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಪ್ಪ ಇದನ್ನು ಹೇಳಿದ ರೀತಿ ಹೀಗೆ: “ಆಲೆಮನೇಲಿ ಕೊಪ್ಪರಿಗೆ ಕಾದಿರ್ತದೆ. ಒಂದೊಂದ್ ಪಾಕ ಇಳಿಸ್ದಾಗ್ಲೂ ಅದ್ರ ಮೇಲೆ ತಣ್ಣೀರ್ ಸುರ್ದು ಮತ್ತೆ ಬೆಂಕಿ ಹಾಕ್ತಾ ಕೂತ್ರೆ ಕಬ್ಬಿನ ಸಿಪ್ಪೆ ಎಷ್ಟ್ ಬೇಕು? ಆ ಪುಣ್ಯಾತ್ಮ ಕೊಪ್ಪರಿಗೆ ಬಿಸಿ ಆರದಂಗೆ ನೋಡ್ಕಂಡ.” ಹಳೆಯ ಎಂಜಿನ್‌ಗೆ ಹೋಲಿಸಿದರೆ ಉಳಿದ ಕಲ್ಲಿದ್ದಲ ಬೆಲೆಯಲ್ಲಿ ಮೂರನೇ ಒಂದು ಪಾಲನ್ನೇ ವಾಟ್ ಮತ್ತು ಅವರ ಪಾಲುದಾರ ಬೋಲ್ಟನ್ ಶುಲ್ಕವಾಗಿ ಪಡೆಯುತ್ತಿದ್ದರು ಎಂದಾಗ ಅಪ್ಪ ಬಹಳ ಮೆಚ್ಚಿದರು. ನಿರೂಪಣೆಯಲ್ಲಿ ಪಿಸ್ಟನ್, ಸಿಲಿಂಡರ್ ಹಾಗೇ ಉಳಿದವು, ಕೊಪ್ಪರಿಗೆ ಹೊಸದಾಗಿ ಸೇರಿತು.

ಇಂಥ ಸರಣಿಗಳು ಮ್ಯಾಂಚೆಸ್ಟರ್, ಪಿಟ್ಸ್‌ಬರ್ಗ್ ಸುತ್ತಿ ಮುಗಿಯುತ್ತವೆ. ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ 92 ಮೈಲಿ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಟ್ಟದ್ದು, ಬ್ರಿಟಿಷರ ನೆರಳಿನಲ್ಲಿದ್ದ ಸಂಸ್ಥಾನವೊಂದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರ ತರಿಸಿ ಅದನ್ನು ಸಾಧಿಸಿದ್ದು, ತಂತ್ರಜ್ಞಾನವೂ ಅರಸೊತ್ತಿಗೆಯೂ ಸಾಮ್ರಾಜ್ಯವೂ ಒಂದೇ ಕಡೆ ಸೇರಿದ ಕಥೆ. ಅದನ್ನು ಯಾರಾದರೂ ಚಿತ್ರ ಮಾಡಿದರೆ ನಿರೂಪಣೆ ನಾನು ಬರೆಯಬೇಕು ಎಂಬ ಆಸೆ ನನಗಿದೆ.

ಈ ಕೆಲಸಕ್ಕೆ ಬರುವವರಿಗೆ ಕ್ರಿಯಾಪದದ ಬಗ್ಗೆ ಒಂದು ಮಾತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಚಿತ್ರ ಅದಕ್ಕಾಗಿ ಕಾಯುವುದಿಲ್ಲ. ಸೋವಿಯತ್ ದೇಶದ ಮೊದಲ ಉಪಗ್ರಹ ಸ್ಪುಟ್ನಿಕ್‌ನ ಉಡಾವಣೆಯ ಸಾಲನ್ನು ‘1957ರ ಅಕ್ಟೋಬರ್ 4ರಂದು’ ಎಂದು ಶುರುಮಾಡಿ ಉದ್ದಕ್ಕೆ ಬರೆದಿದ್ದೆ. ‘ಹಾರಿಬಿಟ್ಟಿತು’ ಎನ್ನುವ ಹೊತ್ತಿಗೆ ತೆರೆಯ ಮೇಲೆ ಅಮೆರಿಕದ ಪತ್ರಿಕೆ ಬಂದುಬಿಟ್ಟಿತ್ತು, ಪತ್ರಿಕೆಯೇ ಹಾರಿದಂತೆ. ತುಂಡು ಮಾಡಿದೆ. ‘ಒಂದು ಲೋಹದ ಚೆಂಡು. 58 ಸೆಂಟಿಮೀಟರ್ ಅಗಲ. 83 ಕಿಲೋ ತೂಕ. ನಾಲ್ಕು ಉದ್ದನೆಯ ಮೀಸೆ.’ ಆಮೇಲೆ ಅದರ ಬೀಪ್ ಬೀಪ್ ಸದ್ದು ಮಾತ್ರ. ಪ್ರತಿ ಸಾಲನ್ನೂ ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿಕೊಂಡು ಮೂರು ಸಲ ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ, ಒತ್ತಕ್ಷರಗಳಿಗೆ ಬಾಯಲ್ಲಿ ಹೆಚ್ಚು ಹೊತ್ತು ಬೇಕು.

ಈಗ ಮೇಜಿನ ಮೇಲಿರುವುದು ಎಲಿಜಬೆತ್ ರಾಣಿಯ ಪಟ್ಟಾಭಿಷೇಕ, 1953ರ ಜೂನ್ 2. ಅಂದು ಟೀವಿ ಕ್ಯಾಮೆರಾಗಳಿಗೆ ಚರ್ಚಿನೊಳಗೆ ಪ್ರವೇಶ ಸಿಕ್ಕಿತ್ತು, ಆದರೆ ಪವಿತ್ರ ತೈಲ ಹಚ್ಚುವ ಗಳಿಗೆಯನ್ನು ಮಾತ್ರ ತೋರಿಸುವಂತಿರಲಿಲ್ಲ. ರಾಣಿಯ ತಲೆಯ ಮೇಲೆ ಚಪ್ಪರದಂಥ ಮೇಲುಕಟ್ಟು ಹಿಡಿದರು, ಕ್ಯಾಮೆರಾ ಪಕ್ಕಕ್ಕೆ ಸರಿಯಿತು. ಕನ್ನಡ ಬೈಬಲ್ಲಿನ ಬಳಕೆ ನೋಡಿ ‘ತೈಲಾಭಿಷೇಕ’ ಎಂದು ಬರೆದಿದ್ದೇನೆ. ಮೂಲದಲ್ಲಿ ಅಲ್ಲಿ ಹನ್ನೊಂದು ಸೆಕೆಂಡ್ ವಿವರಣೆ ಇದೆ. ಅವ್ವನಿಗೆ ಆ ತುಣುಕು ತೋರಿಸಿದೆ. ಅವಳು ನೋಡಿ, “ಗರ್ಭಗುಡಿಗೆ ಪರದೆ ಎಳ್ದಂಗೆ” ಅಂದಳು. ಹನ್ನೊಂದು ಸೆಕೆಂಡ್‌ನಲ್ಲಿ ಎರಡು ಅವ್ವನ ಆ ಸಾಲಿಗೆ ಕೊಟ್ಟಿದ್ದೇನೆ. ಉಳಿದ ಒಂಬತ್ತನ್ನು ಖಾಲಿ ಬಿಡಿ ಎಂದು ಸ್ಟುಡಿಯೋಗೆ ಬರೆದಿದ್ದೇನೆ, ಉತ್ತರ ಬರಬೇಕು.